ಒಲೆಗೆ ಬಿದ್ದ ಮೂರನೆಯ ತುಂಡು

ಏಪ್ರಿಲ್ ಎರಡು, ಗುರುವಾರ. ಬೆಳಗಿನ ತನಕ ಹಿಮ ಸುರಿದು, ಆಮೇಲೆ ಮೋಡ ಚದುರಿ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಡಲಾಗದಷ್ಟು ಬಿಸಿಲು ಬಿದ್ದಿತು, ಗಾಳಿ ಇರಲಿಲ್ಲ. ಇಂಥ ದಿನ ಹಾಲಿಂಗ್‌ದಾಲ್ ಕಣಿವೆಯ ಮೇಲಿನ ಬೆಟ್ಟದಲ್ಲಿ, ಮರದ ಪುಟ್ಟ ಮನೆಯೊಂದರ ಬಿಸಿಲುಗೋಡೆಗೆ ಒರಗಿ ಕುಳಿತಿದ್ದ ಪತ್ತೇದಾರಿ ಕಾದಂಬರಿಕಾರ ಹಾಲ್ವರ್ಡ್ ಟ್ವೆಯ್ಟ್ ಸಂತೋಷವಾಗಿರಬೇಕಿತ್ತು. ಆದರೆ ಅವನ ಎದುರಿಗೆ ಅವನ ಅತ್ತೆ ಬ್ರೆಡ್ ಕೊಯ್ಯುವ ಚಾಕು ಹಿಡಿದು ನಿಂತಿದ್ದರು.

(ಗಾಬರಿ ಬೇಡ. ಚಾಕು ಅಳಿಯನಿಗಲ್ಲ, ಪುಸ್ತಕಕ್ಕೆ.)

ಈಸ್ಟರ್ ಬಂತೆಂದರೆ ನಾರ್ವೆ ದೇಶಕ್ಕೆ ದೇಶವೇ ಬೆಟ್ಟ ಹತ್ತಿ, ಕಿತ್ತಳೆ ಸುಲಿದು, ಕೊಲೆಯ ಕಥೆ ಓದುತ್ತದೆ. ಏಸುವನ್ನು ಶಿಲುಬೆಗೇರಿಸಿದ ದಿನವೇ ಜನರು ಹೀಗೆ ಮನೆಮನೆಯಲ್ಲಿ ಕೊಲೆಗಾರನನ್ನು ಹುಡುಕುವುದೇಕೆ ಎಂದು ಪಾದ್ರಿಗಳೂ ಕೇಳುವುದಿಲ್ಲ. ಅವರ ಕೈಯಲ್ಲೂ ಒಂದು ಪುಸ್ತಕ ಇರುತ್ತದೆ. ಹೀಗಿರುವಾಗ, ಹಬ್ಬಕ್ಕೆ ಎರಡು ವಾರ ಮೊದಲು ಪತ್ರಿಕೆಯೊಂದು ಹಾಲ್ವರ್ಡನಿಗೆ ಒಂದು ಗೌರವದ ಕೆಲಸ ವಹಿಸಿತ್ತು: ಸಹಲೇಖಕರು ಬರೆದ ಮೂರು ರೋಮಾಂಚಕ ಕಾದಂಬರಿಗಳನ್ನು ಓದುಗರಿಗೆ ಶಿಫಾರಸು ಮಾಡಬೇಕು. ಹಾಲ್ವರ್ಡ್ ಆಳವಾಗಿ ಯೋಚಿಸಿ ಮೂರನ್ನು ಆರಿಸಿದ. ಮೊದಲನೆಯದರ ಲೇಖಕ ಹಿಂದೊಮ್ಮೆ ಅವನನ್ನು ಹೊಗಳಿದ್ದ. ಎರಡನೆಯದರ ಲೇಖಕ ಲೇಖಕರಿಗೆ ಸಹಾಯಧನ ಹಂಚುವ ಸಮಿತಿಯಲ್ಲಿದ್ದ. ಮೂರನೆಯದು ಗುನ್‌ವೋರ್ ಹೌಗ್ ಬರೆದದ್ದು. ಅದನ್ನು ಊರೆಲ್ಲ ಹೊಗಳುತ್ತಿತ್ತು. ತಾನೊಬ್ಬ ಸುಮ್ಮನಿದ್ದರೆ ಹೊಟ್ಟೆಕಿಚ್ಚು ಎಂದುಕೊಂಡಾರು ಎಂಬ ಅಳುಕಿನಿಂದ ಅವನು ಅದರ ಬಗ್ಗೆ ಎಲ್ಲಕ್ಕಿಂತ ಉದ್ದವಾಗಿ ಬರೆದ. "ಕೊನೆಯ ಅಧ್ಯಾಯಗಳನ್ನು ಓದುವಾಗ ನಾನು ಉಸಿರಾಡುವುದನ್ನೇ ಮರೆತೆ" ಎಂಬ ವಾಕ್ಯವನ್ನು ಪತ್ರಿಕೆಯವರು ದಪ್ಪಕ್ಷರದಲ್ಲಿ ಹಾಕಿದರು.

ಅವನು ಆ ಅಧ್ಯಾಯಗಳನ್ನು ಓದಿರಲಿಲ್ಲ. ಮೊದಲಿನವನ್ನೂ ಓದಿರಲಿಲ್ಲ. ತಾನು ಬರೆಯುತ್ತಿರುವಾಗ ಅನ್ಯರ ಪ್ರಭಾವ ತಾಗಬಾರದೆಂಬ ಉನ್ನತ ಸಾಹಿತ್ಯಕ ವ್ರತವೊಂದನ್ನು ಅವನು ಪಾಲಿಸುತ್ತಿದ್ದ. ಮತ್ತು ಅವನು ಸದಾ ಬರೆಯುತ್ತಲೇ ಇದ್ದ.

ಈ ಶಿಫಾರಸನ್ನು ನಂಬಿ ಪುಸ್ತಕ ಕೊಂಡವರಲ್ಲಿ ಅವನ ಅತ್ತೆ ಆಸ್ಲೌಗ್ ಮೊದಲಿಗರು. ನಿವೃತ್ತ ಗಣಿತ ಶಿಕ್ಷಕಿ. ವರ್ಷಪೂರ್ತಿ ಸರಿಯಾದ ಉತ್ತರಗಳ ನಡುವೆ ಬದುಕಿದ್ದ ಅವರಿಗೆ ಈಸ್ಟರಿನಲ್ಲಿ ಒಂದು ಸರಿಯಾದ ಕೊಲೆ ಬೇಕಾಗುತ್ತಿತ್ತು. ಪುಸ್ತಕವನ್ನು ಕೊಯ್ಯುವ ಸಂಪ್ರದಾಯ ಅವರ ದಿವಂಗತ ಪತಿಯದು. ಬೆನ್ನಚೀಲದಲ್ಲಿ ಒಂದೇ ಪುಸ್ತಕ ಹೊತ್ತು ಸ್ಕೀ ಮೇಲೆ ಬೆಟ್ಟಕ್ಕೆ ಬರುತ್ತಿದ್ದ ಕಾಲದಲ್ಲಿ, ಓದಲು ಮನೆಮಂದಿ ಕಿತ್ತಾಡಬಾರದೆಂದು ಆ ಪುಣ್ಯಾತ್ಮ ಪುಸ್ತಕವನ್ನೇ ಮೂರು ತುಂಡು ಮಾಡಿದ್ದರಂತೆ. ಒಬ್ಬರು ಮೊದಲ ತುಂಡು ಮುಗಿಸಿ ಮುಂದಿನವರಿಗೆ ದಾಟಿಸಿದರಾಯಿತು. ಓದಿ ಮುಗಿದ ತುಂಡುಗಳು ಒಲೆಯ ಪಕ್ಕದ ಬುಟ್ಟಿಗೆ. ಹಿಂದಿನ ವರ್ಷದ ಕೊಲೆಗಳಿಂದ ಈ ವರ್ಷದ ಒಲೆ ಹೊತ್ತಿಸುವುದು ಆ ಮನೆಯ ಪದ್ಧತಿ.

"ಬೆನ್ನು ಗಟ್ಟಿಯಾಗಿದೆ ಕಣೋ ಇದಕ್ಕೆ" ಎಂದು ಅತ್ತೆ ಗುನ್‌ವೋರಳ ಪುಸ್ತಕವನ್ನು ಬ್ರೆಡ್ಡಿನಂತೆ ಹಿಡಿದು ಕೊಯ್ದರು. "ನಿನ್ನದು ಹೋದ ವರ್ಷ ಬೆಣ್ಣೆ ಥರ ಕೊಯ್ದುಕೊಂಡು ಬಂತು."

ಹಾಲ್ವರ್ಡನ ಹೆಂಡತಿ ಮಾರಿಟ್ ಕಿತ್ತಳೆ ಸುಲಿಯುತ್ತ ನಕ್ಕಳು. ಅತ್ತೆ ಓದಿದಂತೆ ಮೊದಲ ತುಂಡು ಮಗಳಿಗೆ ಬರಬೇಕು, ಮಗಳಿಂದ ಅಳಿಯನಿಗೆ. ಮೂರನೆಯ ತುಂಡಿನ ಸರದಿ ಇನ್ನೂ ದೂರವಿದ್ದುದರಿಂದ ಅದನ್ನು ತೇವ ತಾಗದಂತೆ ಒಲೆಯ ಪಕ್ಕದ ಬೆಂಚಿನ ಮೇಲೆ ಇಟ್ಟರು.

ಶುಕ್ರವಾರ ಬೆಳಿಗ್ಗೆ ಒಲೆ ಹೊತ್ತಿಸಲು ಎದ್ದವನು ಹಾಲ್ವರ್ಡ್. ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಅವನದೇ ಹಿಂದಿನ ಕಾದಂಬರಿ, ಮೂರು ತುಂಡಿನಲ್ಲಿ. ಕೊನೆಯ ತುಂಡಿನ ಹಾಳೆಗಳು ಅಂಗಡಿಯಿಂದ ಬಂದ ದಿನದಷ್ಟೇ ನೆಟ್ಟಗಿದ್ದವು. (ಅವನು ಅದನ್ನು ಗಮನಿಸಲಿಲ್ಲ. ಅಥವಾ ಗಮನಿಸದಿರಲು ತೀರ್ಮಾನಿಸಿದ.) ತನ್ನ ಪುಸ್ತಕವನ್ನು ತಾನೇ ಬೆಂಕಿಗೆ ಹಾಕುವಷ್ಟು ವೈರಾಗ್ಯ ಇನ್ನೂ ಬಂದಿರಲಿಲ್ಲವಾದ್ದರಿಂದ, ಅವನು ಮುಖವನ್ನು ಅತ್ತ ತಿರುಗಿಸಿ, ಕೈಯನ್ನು ಇತ್ತ ಚಾಚಿ, ಸಿಕ್ಕಿದ್ದನ್ನು ಒಲೆಗೆ ತುರುಕಿ ಬೆಂಕಿಕಡ್ಡಿ ಗೀರಿದ. ಬೆಂಕಿ ಚೆನ್ನಾಗಿ ಹತ್ತಿಕೊಂಡಿತು. ಜ್ವಾಲೆಯ ನಡುವೆ ಪುಸ್ತಕದ ಹಿಂದಿನ ರಟ್ಟು ಮೆಲ್ಲಗೆ ಅರಳಿತು. ಅದರ ಮೇಲೆ ಗುನ್‌ವೋರ್ ಹೌಗಳ ಭಾವಚಿತ್ರ. ಅವಳು ನಗುನಗುತ್ತಲೇ ಸುರುಳಿಯಾಗಿ ಕಪ್ಪಾದಳು.

ತಿಂಡಿಯ ಹೊತ್ತಿಗೆ ವಿಚಾರಣೆ ಶುರುವಾಯಿತು.

"ಹಾಲ್ವರ್ಡ್, ಬೆಂಚಿನ ಮೇಲಿದ್ದದ್ದು ಎಲ್ಲಿ?" ಎಂದರು ಅತ್ತೆ.

"ಯಾವುದು ಅತ್ತೆ?"

"ಕೊಲೆ ಮಾಡಿದೋರು ಯಾರು ಅಂತ ಇರೋ ತುಂಡು."

"ಒಲೆ... ಇವತ್ತು ಬಹಳ ಚೆನ್ನಾಗಿ ಹತ್ತಿಕೊಂಡಿದೆ."

ಅತ್ತೆ ಒಲೆಯನ್ನು ನೋಡಿದರು. ಬುಟ್ಟಿಯನ್ನು ನೋಡಿದರು. ಅಳಿಯನನ್ನು ನೋಡಿದರು. "ನಿನ್ನ ಪುಸ್ತಕ ಬುಟ್ಟಿಯಲ್ಲಿ ಹಾಗೇ ಇದೆಯಲ್ಲ."

"ಅದರ ಕಾಗದ ದಪ್ಪ ಅತ್ತೆ. ಬೇಗ ಹತ್ತಲ್ಲ."

"ಗೊತ್ತು. ಓದುವಾಗ ನನಗೂ ಹತ್ತಲಿಲ್ಲ."

ಪುಸ್ತಕದಂಗಡಿ ಕಣಿವೆಯ ಕೆಳಗೆ, ಅದೂ ಹಬ್ಬಕ್ಕೆ ಮುಚ್ಚಿತ್ತು. ಫೋನುಗಳು ಕಾರಿನಲ್ಲೇ ಉಳಿಯಬೇಕೆಂಬುದು ಅತ್ತೆಯ ಶಾಸನ. ಕಾರು ಬೆಟ್ಟದ ಬುಡದಲ್ಲಿತ್ತು. ಅತ್ತೆಯ ಕಣ್ಣಿನಲ್ಲಿ ನೀರಿನಂಥದ್ದೇನೋ ಕಂಡಿತು. ಮಾರಿಟ್ ಬ್ರೆಡ್ಡಿನ ಮೇಲೆ ಮೇಕೆಹಾಲಿನ ಕಂದು ಚೀಸ್ ಇಡುತ್ತ, ಗಂಡನ ಕಡೆ ನೋಡದೆ, ಬಹಳ ಮೃದುವಾಗಿ ಹೇಳಿದಳು:

"ಬೇಜಾರು ಮಾಡ್ಕೋಬೇಡ ಅಮ್ಮ. ಹಾಲ್ವರ್ಡ್ ಓದಿದ್ದಾನಲ್ಲ. ಉಸಿರಾಡೋದನ್ನೇ ಮರೆತೆ ಅಂತ ಪೇಪರಿನಲ್ಲೇ ಹಾಕಿಸಿಕೊಂಡಿದ್ದಾನೆ. ಅವನೇ ಹೇಳ್ತಾನೆ ಬಿಡು."

ಪತ್ರಿಕೆಯವರು ಗಂಡನಿಗೆ ಕಳಿಸಿದ್ದ ಆ ಪುಸ್ತಕದ ಪ್ರತಿ ತಮ್ಮ ಮನೆಯಲ್ಲಿ ಎರಡು ವಾರ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಬಿದ್ದಿತ್ತೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹೌದಲ್ವಾ!" ಅತ್ತೆಯ ಮುಖ ಬೆಳಗಿತು. "ಹೇಳು ಮತ್ತೆ."

"ಈಗಲೇ ಬೇಡ ಅತ್ತೆ. ಅಷ್ಟು ಒಳ್ಳೆ ಮುಕ್ತಾಯವನ್ನ ಬೆಳ್‌ಬೆಳಿಗ್ಗೆ ಹೇಳಿದ್ರೆ ಕೆಟ್ಟೋಗುತ್ತೆ. ನೀವು ಎರಡನೇ ತುಂಡು ಮುಗಿಸಿ. ಸಂಜೆ ಊಟದ ಹೊತ್ತಿಗೆ ಹೇಳ್ತೀನಿ."

"ಒಂದು ಮಾತು ಹೇಳ್ತೀನಿ ಕೇಳು" ಎಂದರು ಅತ್ತೆ, ಬೆರಳೆತ್ತಿ. "ಓದದೇ ಓದಿದೆ ಅನ್ನೋ ಹುಡುಗರನ್ನ ನಾನು ಮೂವತ್ತು ವರ್ಷ ನೋಡಿದ್ದೀನಿ. ನೀನು ಅಂಥೋನಲ್ಲ ಅಂತ ಈ ಪುಸ್ತಕ ಕೊಂಡಿದ್ದು."

ಹಾಲ್ವರ್ಡನ ದಿನ ಹೇಗೆ ಕಳೆಯಿತೆಂಬುದನ್ನು ವಿವರಿಸುವುದು ಬೇಡ. ಮದುವೆಯಾಗಿ ಇಪ್ಪತ್ತು ವರ್ಷಗಳಾಗಿದ್ದರೂ ಅತ್ತೆಯ ಪಾಲಿಗೆ ಅವನು ಇನ್ನೂ "ಮಾರಿಟ್ ಗಂಡ"ನೇ ಆಗಿದ್ದ. ನೆರೆಯವರ ಮುಂದೆ ಅವನ ಉದ್ಯೋಗದ ಮಾತು ಬಂದರೆ ಅವರು "ಏನೋ ಬರೀತಾನೆ" ಎಂದು ವಿಷಯ ಬದಲಿಸುತ್ತಿದ್ದರು. ಈಗ ಓದದೆಯೇ ಓದಿದೆ ಎಂದ ಹುಡುಗರ ಸಾಲಿಗೂ ಸೇರಿದರೆ ಮುಂದಿನ ಈಸ್ಟರುಗಳೆಲ್ಲ ಮುಗಿದವು. "ಇನ್ನೊಮ್ಮೆ ರುಚಿ ನೋಡೋಣ" ಎಂದು ಮಾರಿಟಳಿಂದ ಮೊದಲ ತುಂಡನ್ನು ಇಸಿದುಕೊಂಡು ಅವನು ಸೌದೆಕೊಟ್ಟಿಗೆಯಲ್ಲಿ ಕೂತು ಓದಿದ. ಕರಾವಳಿಯ ದ್ವೀಪವೊಂದರಲ್ಲಿ ಸಾಲ್ಮನ್ ಮೀನು ಸಾಕುವ ಸಾಹುಕಾರನೊಬ್ಬ ತನ್ನ ದೋಣಿಮನೆಯಲ್ಲಿ ಸತ್ತು ಬಿದ್ದಿದ್ದ. ಅನುಮಾನ ನಾಲ್ವರ ಮೇಲೆ: ತಮ್ಮ, ಪಾದ್ರಿ, ಮುದಿ ತಾಯಿ, ಪಶುವೈದ್ಯ. ಸಂಜೆಯ ಹಡಗು ಸಿಳ್ಳೆ ಹಾಕಿದಾಗ ತಾನು ಬಂದರುಕಟ್ಟೆಯ ಮೇಲಿದ್ದೆ ಎಂದು ಪ್ರತಿಯೊಬ್ಬರೂ ಹೇಳುತ್ತಿದ್ದರು. ಪುಸ್ತಕ ಚೆನ್ನಾಗಿತ್ತು. ಅದು ಅವನ ಸಂಕಟವನ್ನು ಹೆಚ್ಚಿಸಿತು. ಎರಡನೆಯ ತುಂಡನ್ನು ಅತ್ತೆ ಕೈಯಿಂದ ಬಿಡಲೇ ಇಲ್ಲ.

ಸಂಜೆ ಮೇಜಿನ ಮೇಲೆ ಉಪ್ಪುಮಾಂಸ ಮತ್ತು ಆಲೂಗಡ್ಡೆಯ ಸಾರು ಹಬೆಯಾಡುತ್ತಿತ್ತು. ಅತ್ತೆ ಕನ್ನಡಕ ತೆಗೆದಿಟ್ಟರು.

"ಹೂಂ. ಯಾರು?"

"ಮೊದಲಿಗೆ ಏನಾಗುತ್ತೆ ಅಂದ್ರೆ ಅತ್ತೆ, ಅನುಮಾನ ಎಲ್ಲ ತಮ್ಮನ ಮೇಲೆ..."

"ತಮ್ಮ ಎರಡನೇ ತುಂಡಿನಲ್ಲಿ ಸತ್ತೋದ."

"ಅದೇ ಹೇಳ್ತಿರೋದು. ಸತ್ತೋದನಲ್ಲ, ಹಾಗಾಗಿ ಅವನಲ್ಲ. ಆಗ ಪತ್ತೇದಾರನಿಗೆ ಆ ಪಾದ್ರಿ..."

"ಪಾದ್ರಿ ವಿಷಯ ಇತ್ಯರ್ಥ ಆಯ್ತು. ಅವನು ನೆಲಮಾಳಿಗೇಲಿ ಬಚ್ಚಿಟ್ಟಿದ್ದು ಬರೀ ಹೆಂಡ."

"ಆ ತಾಯಿ..."

"ಕೊಲೆ ಮಾಡಿದೋರು ದೋಣಿಮನೆ ಅಟ್ಟಕ್ಕೆ ಏಣಿ ಹತ್ತಿರಬೇಕು. ಆ ಮುದುಕಿಗೆ ಮಂಚದಿಂದ ಇಳಿಯೋಕೂ ಇಬ್ಬರು ಬೇಕು."

"ಹಾಲ್ವರ್ಡ್" ಎಂದಳು ಮಾರಿಟ್, ಸಾರನ್ನು ಊದುತ್ತ, "ಉಸಿರಾಡೋದರ ಜೊತೆಗೆ ಕಥೇನೂ ಮರೆತೆಯೇನೋ?"

ಇಲ್ಲಿ ಓದುಗರಿಗೊಂದು ಸಂಗತಿ ತಿಳಿಸಬೇಕು. ಹಾಲ್ವರ್ಡನ ಹೊಸ ಕಾದಂಬರಿ ಸೆಪ್ಟೆಂಬರಿನಲ್ಲಿ ಅಚ್ಚಾಗಬೇಕಿತ್ತು. ಎರಡು ಚಳಿಗಾಲ ಅದಕ್ಕೊಂದು ಮುಕ್ತಾಯ ಸಿಗದೆ ಅವನು ಮನೆಯಲ್ಲಿ ಭೂತದಂತೆ ತಿರುಗಿದ್ದ. ಫೆಬ್ರವರಿಯಲ್ಲಿ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ, ಅದು ಫಳ್ಳನೆ ಹೊಳೆದಿತ್ತು. ಅವನ ಕಥೆಯಲ್ಲಿ ಊರಿಗೆ ಊರೇ ಚರ್ಚಿನ ಗಂಟೆಯನ್ನು ನಂಬಿ ತಾನು ಎಲ್ಲಿದ್ದೆನೆಂದು ಸಾಕ್ಷಿ ಹೇಳುತ್ತದೆ. ಕೊಲೆ ಮಾಡಿದವನು ಗಂಟೆ ಬಾರಿಸುವವನೇ. ಆ ದಿನ ಅವನು ತಡವಾಗಿ ಬಾರಿಸಿದ್ದ, ಅಷ್ಟೆ. ಈ ಗುಟ್ಟು ಮಾರಿಟಳಿಗೆ ಬಿಟ್ಟು ಪ್ರಪಂಚದಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಅವನ ಜನ್ಮದಲ್ಲಿ ಹೊಳೆದ ಅತ್ಯುತ್ತಮ ಮುಕ್ತಾಯ ಅದು.

ಅತ್ತೆಯ ಬೆರಳು ಮೇಜಿನ ಮೇಲೆ ಟಕಟಕ ಎನ್ನುತ್ತಿತ್ತು. ನಾಲ್ವರಲ್ಲಿ ಉಳಿದವನು ಪಶುವೈದ್ಯ ಒಬ್ಬನೇ, ಆದರೆ ಅಷ್ಟು ಸುಲಭದ ಕೊಲೆಗಾರನನ್ನು ಹೆಸರಿಸಲು ಹಾಲ್ವರ್ಡನ ವೃತ್ತಿಗೌರವ ಒಪ್ಪಲಿಲ್ಲ. ಅವನ ತಲೆಯಲ್ಲಿ ಬೇರೆ ಯಾವ ಕೊಲೆಗಾರನೂ ಉಳಿದಿರಲಿಲ್ಲ.

"ಸಿಳ್ಳೆ" ಎಂದ ಅವನು.

"ಏನು ಸಿಳ್ಳೆ?"

"ಎಲ್ಲರೂ ಒಂದೇ ಮಾತು ಹೇಳ್ತಾರಲ್ಲ ಅತ್ತೆ, ಹಡಗಿನ ಸಿಳ್ಳೆ ಕೇಳಿದಾಗ ನಾನು ಕಟ್ಟೆ ಮೇಲಿದ್ದೆ ಅಂತ. ಒಬ್ಬರಾದ್ರೂ ಗಡಿಯಾರ ನೋಡಿದ್ರಾ? ಇಲ್ಲ. ಯಾಕಂದ್ರೆ ಆ ಸಿಳ್ಳೆ ಯಾವತ್ತೂ ತಪ್ಪಿದ್ದೇ ಇಲ್ಲ. ಸಿಳ್ಳೆ ಹಾಕಿದೋನು ಯಾರು ಅಂತ ಒಬ್ಬರಾದ್ರೂ ಕೇಳಿದ್ರಾ?"

ಅತ್ತೆಯ ಬೆರಳು ನಿಂತಿತು. "ಅಯ್ಯೋ ದೇವ್ರೇ. ಹಡಗಿನ ಆ ಮುದುಕ. ಪೊಲೀಸಿನೋರಿಗೆ ದಿನಾ ಕಾಫಿ ಕೊಡ್ತಿದ್ನಲ್ಲ!"

"ಆ ದಿನ ಅವನು ತಡವಾಗಿ ಸಿಳ್ಳೆ ಹಾಕಿದ. ಇಡೀ ದ್ವೀಪದ ಹೊತ್ತೇ ಹಿಂದಕ್ಕೆ ಹೋಯ್ತು. ಆ ಸಂದಿಯಲ್ಲಿ ಅವನು ದೋಣಿಮನೆಗೆ ಹೋಗಿ ಬಂದಿದ್ದ."

ಅತ್ತೆ ಸಾರಿನ ತಟ್ಟೆ ಹಾರುವಂತೆ ಮೇಜು ಗುದ್ದಿದರು.

"ಇದಪ್ಪಾ ಲೆಕ್ಕ ಅಂದ್ರೆ! ಒಂದು ಸಂಖ್ಯೆ ತಪ್ಪು ಹಾಕಿದ್ರೆ ಎಲ್ಲರ ಉತ್ತರಾನೂ ತಪ್ಪು! ಆ ಗುನ್‌ವೋರ್‌ದು ತಲೆಯೋ ತಲೆ. ಹಾಲ್ವರ್ಡ್, ನೀನೂ ಅವಳ ಹತ್ರ ಹೋಗಿ ಒಂದಿಷ್ಟು ಕಲಿ. ನಿನ್ನ ಪುಸ್ತಕದಲ್ಲಿ ಜನ ಬರೀ ಮಂಜು ನೋಡ್ಕೊಂಡು ನಿಂತಿರ್ತಾರೆ."

ತನ್ನ ಅತ್ತೆ ತನ್ನ ಬರವಣಿಗೆಯನ್ನು ಮೊದಲ ಬಾರಿಗೆ ಮೆಚ್ಚಿದ ಕ್ಷಣ ಇದೆಂದು ಹಾಲ್ವರ್ಡನಿಗೆ ಅರಿವಾಯಿತು. ಮೆಚ್ಚುಗೆ ಬಂದದ್ದು ಮಾತ್ರ ಬೇರೆ ವಿಳಾಸಕ್ಕೆ.

ಪಾತ್ರೆ ತೊಳೆಯುವಾಗ ಮಾರಿಟ್ ಮೆಲ್ಲಗೆ ಕೇಳಿದಳು, "ಅದು ನಿನ್ನ ಗಂಟೆಯವನು ಅಲ್ವಾ?"

"ಹೂಂ."

"ಸೆಪ್ಟೆಂಬರಿನಲ್ಲಿ ನಿನ್ನ ಪುಸ್ತಕ ಬರುತ್ತೆ. ಅಮ್ಮ ಓದ್ತಾಳೆ. ಗುನ್‌ವೋರ್‌ದನ್ನ ಕದ್ದ ಅಂತಾಳೆ."

"ಹೂಂ."

"ಇಲ್ಲಾಂದ್ರೆ ಓದಿರಲಿಲ್ಲ ಅಂತ ಒಪ್ಪಿಕೋ. ಆಗ ಬರೀ ಸುಳ್ಳ ಆಗ್ತೀಯ. ಕಳ್ಳನಿಗಿಂತ ವಾಸಿ."

"ನೀನು ಸುಮ್ಮನಿದ್ದಿದ್ರೆ ಎರಡೂ ಆಗ್ತಿರಲಿಲ್ಲ ಮಾರಿಟ್."

"ನಾನು ಸುಮ್ಮನೆ ಓದ್ಕೊಂಡಿದ್ದೆ. ಪುಸ್ತಕ ಸುಟ್ಟಿದ್ದು ಯಾರು?"

ಶನಿವಾರ. ಆಕಾಶ ನಿರ್ಮಲ, ಆದರೆ ಬಿಸಿಲಿಗೆ ಹಿಮ ಕರಗಿ ಅಂಟಂಟಾಗಿತ್ತು. ಎಲ್ಲವನ್ನೂ ಒಪ್ಪಿಕೊಂಡು ತನ್ನ ಗಂಟೆಯವನನ್ನು ವಾಪಸು ಪಡೆಯಬೇಕೆಂದು ನಿಶ್ಚಯಿಸಿ ಹಾಲ್ವರ್ಡ್ ಹೊರಗೆ ಬಂದಾಗ ಬಿಸಿಲುಗೋಡೆಯ ಬೆಂಚು ಖಾಲಿ. ಅತ್ತೆಯ ಸ್ಕೀಗಳೂ ಇರಲಿಲ್ಲ.

"ಅಮ್ಮ ಸರೋವರದ ಆಚೆ ಹೋದಳು" ಎಂದಳು ಮಾರಿಟ್. "ಗುನ್‌ವೋರ್ ಮನೆಗೆ. ಅವರದ್ದು ಈ ಬೆಟ್ಟದಲ್ಲೇ ಇದೆಯಲ್ಲ. ಮುಕ್ತಾಯ ಅದ್ಭುತವಾಗಿದೆ ಅಂತ ಕೈಕುಲುಕಿ ಹೇಳಿ, ಉಳಿದಿರೋ ಎರಡು ತುಂಡಿಗೆ ಸಹಿ ಹಾಕಿಸ್ಕೊಂಡು ಬರ್ತಾಳಂತೆ."

ಹಾಲ್ವರ್ಡ್ ಕೈಗೆ ಸಿಕ್ಕ ಮೇಣವನ್ನು ಸ್ಕೀಗಳಿಗೆ ಬಳಿದುಕೊಂಡು ಹೊರಟ. ಅದು ಕೊರೆಯುವ ಚಳಿಗೆ ಬಳಿಯುವ ಮೇಣ, ಕರಗುವ ಹಿಮ ಅದಕ್ಕೆ ಅಂಟಿಕೊಳ್ಳುತ್ತದೆ. ಹತ್ತು ಹೆಜ್ಜೆ ಇಡುವುದರೊಳಗೆ ಒಂದೊಂದು ಪಾದದಡಿಯಲ್ಲೂ ಒಂದೊಂದು ಹಿಮದ ಗುಡ್ಡ ಬೆಳೆಯಿತು. ಇಂಥ ಬೆಟ್ಟದಲ್ಲಿ ನಡೆಯುವ ಬೆನ್ನಟ್ಟುವ ದೃಶ್ಯಗಳನ್ನು ಅವನು ತನ್ನ ಕಾದಂಬರಿಗಳಲ್ಲಿ ಎಷ್ಟೋ ಬರೆದಿದ್ದ. ಅವನ ನಾಯಕರು ಯಾರೂ ಹೀಗೆ ನಡುನಡುವೆ ನಿಂತು ಕಾಲು ಕೆರೆದುಕೊಂಡಿರಲಿಲ್ಲ. ಪುಟ್ಟ ಮಗುವೊಂದು ಅವನನ್ನು ಹಿಂದೆ ಹಾಕಿ "ಹ್ಯಾಪಿ ಈಸ್ಟರ್, ಅಂಕಲ್" ಎಂದು ಹೋಯಿತು.

ಅವನು ತಲುಪಿದಾಗ ಗುನ್‌ವೋರಳ ಜಗಲಿಯಲ್ಲಿ ಇಬ್ಬರೂ ಹೆಂಗಸರು ಕಣ್ಣುಮುಚ್ಚಿ ಬಿಸಿಲಿಗೆ ಮುಖವೊಡ್ಡಿ, ಜಾಮ್ ಹಚ್ಚಿದ ವಾಫಲ್ ತಿನ್ನುತ್ತಿದ್ದರು.

"ಬಾ ಹಾಲ್ವರ್ಡ್, ಕೂತ್ಕೋ" ಎಂದಳು ಗುನ್‌ವೋರ್, ಒಂದು ಕಣ್ಣು ತೆರೆದು. "ನನ್ನ ಪುಸ್ತಕ ಹೇಗೆ ಮುಗಿಯುತ್ತೆ ಅಂತ ನಿಮ್ಮತ್ತೆ ಈಗಷ್ಟೇ ಹೇಳಿದ್ರು. ಕೇಳಿ ನನಗೇ ಆಶ್ಚರ್ಯ ಆಯ್ತು."

"ಗುನ್‌ವೋರ್, ನಾನು..."

"ಓದಿಲ್ಲ. ಗೊತ್ತಾಯ್ತು ಬಿಡು. ನನ್ನ ಪುಸ್ತಕದಲ್ಲಿ ಕೊಲೆ ಮಾಡೋನು ಪಶುವೈದ್ಯ."

"ಪಶುವೈದ್ಯನಾ?" ಹಾಲ್ವರ್ಡನ ಬಾಯಿಂದ ವೃತ್ತಿಸಹಜವಾದ ನಿರಾಸೆ ತಡೆಯಲಾಗದೆ ಹೊರಬಿತ್ತು.

"ನೋಡಿ, ನಿಮ್ಮ ಥರಾನೇ ಅಂದ" ಎಂದು ಗುನ್‌ವೋರ್ ಅತ್ತೆಯ ಕಡೆ ತಿರುಗಿದಳು.

"ಪಶುವೈದ್ಯ ಅಂತ ನಾನು ಮೊದಲನೇ ತುಂಡಿನಲ್ಲೇ ಅಂದುಕೊಂಡಿದ್ದೆ" ಎಂದರು ಅತ್ತೆ. "ಅಷ್ಟು ಸುಲಭ ಇರಲಾರದು ಅಂತ ಬಿಟ್ಟೆ."

"ಸಂಕೋಚ ಪಡ್ಬೇಡ ಹಾಲ್ವರ್ಡ್. ಹೋದ ವರ್ಷ ನಿನ್ನ ಪುಸ್ತಕಕ್ಕೆ ನಾನು ಶಿಫಾರಸು ಬರೆದಿದ್ದೆನಲ್ಲ, 'ಮೂರು ದಿನ ನಡುಕ ನಿಲ್ಲಲಿಲ್ಲ' ಅಂತ? ನಾನೂ ಓದಿರಲಿಲ್ಲ. ಜ್ವರ ಬಂದಿತ್ತು."

ಆ ವಾಕ್ಯವನ್ನು ಹಾಲ್ವರ್ಡ್ ಚೌಕಟ್ಟು ಹಾಕಿಸಿ ತನ್ನ ಬರೆಯುವ ಕೋಣೆಯಲ್ಲಿ ತೂಗುಹಾಕಿದ್ದ. ಅವನು ಮೆಲ್ಲಗೆ ಕುಳಿತ.

"ಸರಿಹೋಯ್ತು" ಎಂದರು ಅತ್ತೆ. "ಬರೆಯೋರು ಯಾರೂ ಓದಲ್ಲ. ನಾವು ದುಡ್ಡು ಕೊಟ್ಟು ಕೊಯ್ದುಕೊಂಡು ಓದಬೇಕು." ಬೈಗುಳ ಇನ್ನೂ ಬರಲಿದೆಯೆಂದು ಹಾಲ್ವರ್ಡ್ ತಲೆ ತಗ್ಗಿಸಿದ. ಆದರೆ ಅತ್ತೆ ಗುನ್‌ವೋರಳ ತೋಳು ಹಿಡಿದು, ಅವನೆಂದೂ ಕೇಳದ ದನಿಯಲ್ಲಿ ಹೇಳುತ್ತಿದ್ದರು: "ಸುಳ್ಳು ಹೇಳಿದ, ಅದು ಬೇರೆ ಮಾತು. ಆದ್ರೆ ನೋಡು, ಬಾಯಲ್ಲಿ ಆಲೂಗಡ್ಡೆ ಇಟ್ಕೊಂಡು, ಕೂತ ಜಾಗದಲ್ಲೇ ಕಟ್ಟಿಬಿಟ್ಟ ಅದನ್ನ! ನಿನಗೆ ಆ ಪಶುವೈದ್ಯ ಹೊಳೆಯೋಕೆ ಎಷ್ಟು ದಿನ ಹಿಡೀತು?"

"ಮೂರು ವರ್ಷ" ಎಂದಳು ಗುನ್‌ವೋರ್ ವಿನಯದಿಂದ.

"ಮೂರು ವರ್ಷ! ನನ್ನ ಅಳಿಯ ಒಂದು ಬಟ್ಟಲು ಸಾರು ಮುಗಿಯೋದ್ರೊಳಗೆ ಹೇಳಿದ."

ನನ್ನ ಅಳಿಯ. ಹಾಲ್ವರ್ಡ್ ಆ ಎರಡು ಪದಗಳನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡ.

"ಒಂದು ಕೇಳ್ತೀನಿ, ತಪ್ಪು ತಿಳೀಬೇಡ" ಎಂದಳು ಗುನ್‌ವೋರ್. "ನನ್ನ ಮುಂದಿನ ಪುಸ್ತಕ ಅರ್ಧಕ್ಕೆ ನಿಂತಿದೆ. ಆ ಸಿಳ್ಳೆಯವನನ್ನ ನನಗೆ ಕೊಡ್ತೀಯಾ? ನಿನಗೆ ಬೇಕಿದ್ರೆ ಬೇಡ. ನಿನಗಾಗಿ ಎತ್ತಿಟ್ಟುಕೊಂಡಿದ್ರೆ ಹೇಳಿಬಿಡು, ನಾನು ಮುಟ್ಟಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಬಾಗಿಲನ್ನು ಯಾರೂ ತೆರೆದಿಡಲಾರರು. ಅದು ನನ್ನದು, ಎರಡು ಚಳಿಗಾಲ ತೆಗೆದುಕೊಂಡಿದ್ದೇನೆ, ಸೆಪ್ಟೆಂಬರಿಗೆ ಅಚ್ಚಾಗುತ್ತದೆ ಎಂದು ಹೇಳಿದರೆ ಸಾಕಿತ್ತು. ಹಾಲ್ವರ್ಡ್ ಅದನ್ನೇ ಹೇಳಲು ಬಾಯಿ ತೆರೆದ.

"ಅವನಿಗ್ಯಾಕೆ ಬೇಕು?" ಎಂದರು ಅತ್ತೆ. "ಎರಡು ವರ್ಷ ತಲೆ ಕೆರೆದುಕೊಂಡು ಕೂರೋರು ಎತ್ತಿಡ್ತಾರೆ. ಕೂತಲ್ಲೇ ಹೊಳೆಯೋನಿಗೆ ಎತ್ತಿಡೋ ಕರ್ಮ ಏನು?" ಹಾಗೆಂದು ಅವರು ಅಳಿಯನ ಬೆನ್ನು ತಟ್ಟಿ, ತಮ್ಮ ತಟ್ಟೆಯ ಕೊನೆಯ ವಾಫಲನ್ನು ಅವನ ಕೈಗಿಟ್ಟರು.

ಹಾಲ್ವರ್ಡ್ ವಾಫಲ್ ನೋಡಿದ. ಅತ್ತೆಯ ಮುಖ ನೋಡಿದ. ಎಲ್ಲೋ ದೂರದಲ್ಲಿ ತನ್ನ ಗಂಟೆಯವನು ಹಗ್ಗ ಕೈಬಿಟ್ಟು ಮೆಟ್ಟಿಲಿಳಿಯುತ್ತಿರುವಂತೆ ಅವನಿಗೆ ತೋರಿತು.

"ಇಟ್ಕೋ ಗುನ್‌ವೋರ್" ಎಂದ ಅವನು, ಉದಾರವಾಗಿ ಕೈಬೀಸಿ. "ಅಂಥವು ನನಗೆ ದಿನಕ್ಕೆರಡು ಹೊಳೀತವೆ."

ಗುನ್‌ವೋರ್ ಎದ್ದು ಬಂದು ಅಪ್ಪಿಕೊಂಡಳು. ಕೃತಜ್ಞತೆಯಿಂದ ಅತ್ತೆಗೆ ತನ್ನ ಪುಸ್ತಕದ ಹೊಸ ಪ್ರತಿಯೊಂದನ್ನು ಸಹಿ ಹಾಕಿ ಕೊಡಲು ಬಂದಾಗ ಅತ್ತೆ ಬೇಡವೆಂದರು. "ಎರಡು ತುಂಡು ನನ್ನ ಹತ್ರ ಇದೆ. ಮೂರನೇದರಲ್ಲಿ ಪಶುವೈದ್ಯ ತಾನೇ? ಯಾಕೆ ದಂಡ."

ಮರಳುವ ದಾರಿಯಲ್ಲಿ ಅತ್ತೆ ಅವನ ಸ್ಕೀಗಳ ಮೇಣವನ್ನು ಕೆರೆದು ತೆಗೆದು ತಮ್ಮಲ್ಲಿದ್ದ ಸರಿಯಾದ ಮೇಣವನ್ನು ಬಳಿದುಕೊಟ್ಟರು. ಸರೋವರದ ಮೇಲೆ ಎದುರಾದವರಿಗೆಲ್ಲ "ಇವನು ನನ್ನ ಅಳಿಯ, ಲೇಖಕ" ಎಂದು ಪರಿಚಯಿಸಿದರು. 'ಏನೋ ಬರೀತಾನೆ' ಎಂಬುದು ಒಮ್ಮೆಯೂ ಬರಲಿಲ್ಲ. ಹಾಲ್ವರ್ಡ್ ಹಸನ್ಮುಖಿಯಾಗಿ ತಲೆಬಾಗಿದ. ಹಿಂದೆಂದೂ ಇಷ್ಟು ಗೌರವವೂ ಇಷ್ಟು ಬಡತನವೂ ಅವನಿಗೆ ಒಟ್ಟಿಗೆ ಬಂದಿರಲಿಲ್ಲ.

ಮನೆಯ ಬಾಗಿಲಲ್ಲಿ ಮಾರಿಟ್ ನಿಂತಿದ್ದಳು. "ವಾಪಸ್ ತಗೊಂಡು ಬಂದೆಯಾ?" ಎಂದು ಪಿಸುಗುಟ್ಟಿದಳು.

"ಕೊಟ್ಟು ಬಂದೆ."

"ಕೊಟ್ಟು! ಸೆಪ್ಟೆಂಬರಿಗೇನು ಮಾಡ್ತೀಯ?"

ಅವನು ಉತ್ತರಿಸುವ ಮೊದಲೇ ಒಳಗಿನಿಂದ ಅತ್ತೆ ಕೂಗಿದರು. ಅವರು ಆಗಲೇ ಮೇಜಿನ ತಲೆಯಲ್ಲಿ ಕೂತು, ಕನ್ನಡಕ ತೆಗೆದಿಟ್ಟು, ಅಳಿಯನಿಗೆಂದು ಪಕ್ಕದ ಕುರ್ಚಿ ಎಳೆದಿಟ್ಟಿದ್ದರು.

"ಬಾ ಬಾ ಹಾಲ್ವರ್ಡ್, ಕುರಿಮಾಂಸ ಬೇಯೋಕೆ ಇನ್ನೂ ಹೊತ್ತಿದೆ. ದಿನಕ್ಕೆರಡು ಅಂದೆಯಲ್ಲ, ಇವತ್ತಿನ ಮೊದಲನೇದು ಹೇಳು."

ಆ ಈಸ್ಟರಿನ ಖರ್ಚು ಇಷ್ಟು: ಪೆಟ್ರೋಲು ಮತ್ತು ರಸ್ತೆ ಸುಂಕ, ಒಂಬೈನೂರ ನಲವತ್ತು ಕ್ರೋನರ್. ಕುರಿತೊಡೆ, ಐನೂರ ಎಂಬತ್ತು. ಕಿತ್ತಳೆ, ಚಾಕೊಲೇಟ್, ಕಾಫಿ, ಮುನ್ನೂರ ಹತ್ತು. ಸ್ಕೀ ಮೇಣ, ಕೊರೆಯುವ ಚಳಿಗೆ ಬಳಿಯುವಂಥದ್ದು, ನೂರ ಇಪ್ಪತ್ತೊಂಬತ್ತು. ಗುನ್‌ವೋರ್ ಹೌಗಳ ಕಾದಂಬರಿ, ಒಂದು ಪ್ರತಿ, ನಾನೂರ ನಲವತ್ತೊಂಬತ್ತು. ಅದರ ದುಡ್ಡು ಮಾತ್ರ ಅತ್ತೆಯವರು ಕೊಟ್ಟದ್ದು.